ಕೂಡಿಟ್ಟ ಹಣವಿದ್ದರೂ ನಿವೃತ್ತರು ಖರ್ಚು ಮಾಡಲು ಹಿಂಜರಿಯುವುದೇಕೆ?

ಪ್ರಶ್ನೆ | ಹಿರಿಸೊಸೆ

ನಮ್ಮ ಮಾವನವರಿಗೆ 74 ವರ್ಷ. ಪಿಂಚಣಿ ಬರುತ್ತದೆ, ಸಾಲವಿಲ್ಲ, ದುಡಿದಷ್ಟು ಕಾಲವೂ ಕೂಡಿಹಾಕಿದ ಇಡುಗಂಟು ಇದೆ. ತಿಂಗಳ ಖರ್ಚು ಕಳೆದು ಪಿಂಚಣಿಯಲ್ಲೂ ಸ್ವಲ್ಪ ಮಿಗುತ್ತದೆ. ಇತ್ತೀಚೆಗೆ ಅವರಿಗೆ ಕಿವಿ ಮಂದವಾಗಿದೆ. ಮೊಮ್ಮಕ್ಕಳು ಮಾತನಾಡಿಸಿದರೆ ಸುಮ್ಮನೆ ನಕ್ಕು ತಲೆಯಾಡಿಸುತ್ತಾರೆ. ವೈದ್ಯರು ಶ್ರವಣ ಸಾಧನ ಹಾಕಿಕೊಳ್ಳಿ ಎಂದಿದ್ದಾರೆ. ಇವರು ಮಾತ್ರ ‘ಆ ಗಂಟಿಗೆ ಕೈ ಹಾಕುವುದು ಬೇಡ, ಅದು ಕಷ್ಟಕಾಲಕ್ಕೆ’ ಎನ್ನುತ್ತಾರೆ.

ದುಡಿಯುವಾಗ ಉಳಿಸುತ್ತಾರೆ, ಮುಪ್ಪಿನಲ್ಲಿ ಕರಗಿಸುತ್ತಾರೆ ಎಂಬ ರೇಖಾಚಿತ್ರವನ್ನು ಕಾಲೇಜಿನ ಅರ್ಥಶಾಸ್ತ್ರ ತರಗತಿಯಲ್ಲಿ ಬಿಡಿಸಿದ ನೆನಪಿದೆ. ಮಾವನವರು ಆ ರೇಖೆಯ ಮೇಲೆ ಎಲ್ಲಿಯೂ ಕಾಣುವುದಿಲ್ಲ. ಇದರ ಬಗ್ಗೆ ಸಂಶೋಧಕರು ಏನು ಹೇಳುತ್ತಾರೆ? ಇದು ಜಿಪುಣತನವೋ, ಲೆಕ್ಕಾಚಾರವೋ, ಭಯವೋ? ಅವರ ಮನಸ್ಸು ನೋಯಿಸದೆ ಮಾತನಾಡಬೇಕಾಗಿದೆ, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ | ಸಮೀಕ್ಷೆಯ ಹುಡುಕಾಟ

ಜಿಪುಣತನ ಎಂಬ ಪದವನ್ನು ಮೊದಲು ಬದಿಗಿಡಿ. ನಿಮ್ಮ ಮಾವನವರಂತೆ ನಡೆದುಕೊಳ್ಳುವವರು ಎಷ್ಟೊಂದು ಮಂದಿ ಇದ್ದಾರೆಂದರೆ, ಅದನ್ನು ಅರ್ಥಮಾಡಿಕೊಳ್ಳಲು ಅರ್ಥಶಾಸ್ತ್ರಜ್ಞರು ದಶಕಗಳನ್ನೇ ವ್ಯಯಿಸಿದ್ದಾರೆ. ಹಿರಿಯರ ಸಮೀಕ್ಷೆಗಳ ದತ್ತಾಂಶವನ್ನು ಓದುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ನೀವು ಬಿಡಿಸಿದ ರೇಖಾಚಿತ್ರ ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ರಿಚರ್ಡ್ ಬ್ರಂಬರ್ಗ್ 1954ರಲ್ಲಿ ಮುಂದಿಟ್ಟ ಜೀವನಚಕ್ರ ಸಿದ್ಧಾಂತದ್ದು. ಮೊಡಿಗ್ಲಿಯಾನಿಯವರಿಗೆ 1985ರಲ್ಲಿ ನೊಬೆಲ್ ಬಂತು. ಸಿದ್ಧಾಂತ ಸೊಗಸಾಗಿದೆ. ಆದರೆ ಅದರ ಸರಳ ರೂಪದಲ್ಲಿ ಬರುವ ಮನುಷ್ಯನಿಗೆ ತಾನು ಎಷ್ಟು ವರ್ಷ ಬದುಕುತ್ತೇನೆ ಎಂಬುದು ಗೊತ್ತಿರುತ್ತದೆ, ಅವನಿಗೆ ಕಾಯಿಲೆ ಬರುವುದಿಲ್ಲ. ನಿಜವಾದ ಮುಪ್ಪು ಇವೆರಡರ ಸುತ್ತಲೇ ಇರುವಂಥದ್ದು.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ 1992ರಿಂದ ‘ಆರೋಗ್ಯ ಮತ್ತು ನಿವೃತ್ತಿ ಅಧ್ಯಯನ’ ನಡೆಸುತ್ತಿದೆ. 50 ದಾಟಿದ ಸುಮಾರು 20,000 ಜನರನ್ನು ಎರಡು ವರ್ಷಕ್ಕೊಮ್ಮೆ ಮಾತನಾಡಿಸಿ ಆದಾಯ, ಆಸ್ತಿ, ಕಾಯಿಲೆ, ಔಷಧಿಯ ಖರ್ಚು ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಅವರು ತೀರಿಕೊಂಡ ಮೇಲೆ ಹತ್ತಿರದವರನ್ನು ಕಂಡು ಕೊನೆಯ ದಿನಗಳ ಬಗ್ಗೆ ಕೇಳುತ್ತಾರೆ. ಈ ಅಧ್ಯಯನದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಆ ಕೊನೆಯ ಸಂದರ್ಶನಗಳಿಗೆ. ಅತಿ ದೊಡ್ಡ ಖರ್ಚು ಬರುವುದು ಅಲ್ಲೇ. ಬದುಕಿರುವವರನ್ನು ಮಾತ್ರ ಕೇಳಿದರೆ ಅದು ಲೆಕ್ಕಕ್ಕೇ ಸಿಗುವುದಿಲ್ಲ.

ಇದೇ ಸಮೀಕ್ಷೆಯಿಂದ 70 ದಾಟಿದ ಒಂಟಿ ಹಿರಿಯರನ್ನು ಆಯ್ದುಕೊಂಡು ಮರಿಯಾಕ್ರಿಸ್ಟಿನಾ ಡಿ ನಾರ್ಡಿ, ಎರಿಕ್ ಫ್ರೆಂಚ್ ಮತ್ತು ಜಾನ್ ಜೋನ್ಸ್ 2010ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಹಿರಿಯರು ಏಕೆ ಉಳಿಸುತ್ತಾರೆ ಎಂಬುದೇ ಅವರ ಪ್ರಶ್ನೆ. ಜೇಬಿನಿಂದ ತೆರಬೇಕಾದ ವೈದ್ಯಕೀಯ ವೆಚ್ಚ ವಯಸ್ಸಿನೊಂದಿಗೆ ಏರುತ್ತದೆ, ಆದಾಯ ಹೆಚ್ಚಿದ್ದವರಲ್ಲಿ ಇನ್ನೂ ಕಡಿದಾಗಿ ಏರುತ್ತದೆ. 90 ದಾಟಿ ಬದುಕಿ, ಆರೈಕೆಯೂ ಬೇಕಾಗಿ ಬಂದರೆ ಎಂಬ ಎಣಿಕೆಯೊಂದೇ ಅವರ ಉಳಿತಾಯದ ಬಹುಭಾಗವನ್ನು ವಿವರಿಸುತ್ತದೆ.

ಅಮೆರಿಕದ ವ್ಯವಸ್ಥೆಯನ್ನು ನೋಡಿದರೆ ಈ ಎಣಿಕೆ ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ. 65 ತುಂಬಿದವರಿಗೆ ಅಲ್ಲಿ ಮೆಡಿಕೇರ್ ಇದೆ. ಅದು ಆಸ್ಪತ್ರೆ, ವೈದ್ಯರ ವೆಚ್ಚಗಳನ್ನು ನೋಡಿಕೊಳ್ಳುತ್ತದೆ. ಆಸ್ಪತ್ರೆಯಿಂದ ಬಂದ ಮೇಲಿನ ಶುಶ್ರೂಷಾಲಯದ ಚಿಕಿತ್ಸೆಗೆ ಹೆಚ್ಚೆಂದರೆ 100 ದಿನ ನೆರವಾಗುತ್ತದೆ. ಸ್ನಾನ ಮಾಡಿಸಲು, ಊಟ ಮಾಡಿಸಲು ವರ್ಷಗಟ್ಟಲೆ ಒಬ್ಬರು ಬೇಕಾದರೆ ಅದರ ಹೊಣೆ ಮೆಡಿಕೇರ್‌ನದಲ್ಲ. ಬಡವರಿಗಿರುವ ಮೆಡಿಕೇಡ್ ಆ ವೆಚ್ಚ ಭರಿಸುತ್ತದೆ, ಆದರೆ ಕೈಯಲ್ಲಿದ್ದದ್ದು ಬಹುಪಾಲು ಕರಗಿದ ಮೇಲೆ. ಇಂಥ ಕಡೆ ಮಧ್ಯಮವರ್ಗದ ಹಿರಿಯರು ಗಂಟನ್ನು ಬಿಗಿಯಾಗಿ ಹಿಡಿದುಕೊಳ್ಳುವುದು ನನಗೆ ಪೂರ್ತಿ ವಿವೇಕದ ನಡೆಯಾಗಿಯೇ ಕಾಣುತ್ತದೆ. ಉಳಿತಾಯದ ನೀತಿಯನ್ನು ಒಂದು ಇಲಾಖೆ, ಆರೋಗ್ಯದ ನೀತಿಯನ್ನು ಇನ್ನೊಂದು ಇಲಾಖೆ ಪರಸ್ಪರ ಮಾತೇ ಆಡದೆ ರೂಪಿಸುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಆರೈಕೆಯ ವಿಮೆ ಹೇಗಿದೆ ಎಂದು ತಿಳಿಯದೆ ಜನ ಎಷ್ಟು ಉಳಿಸಬೇಕೆಂದು ಹೇಳಲು ಸಾಧ್ಯವೇ ಇಲ್ಲ.

ಉತ್ತರ | ಮೂರನೆಯ ಬೆಂಚು

ಭಯವೇ ಮುಖ್ಯ ಎಂಬುದನ್ನು ನಾನು ಒಪ್ಪುವುದಿಲ್ಲ. ಭಯವಿದ್ದವರು ವಿಮೆ ಕೊಳ್ಳಬೇಕಲ್ಲವೇ? ಇದ್ದಷ್ಟು ದಿನ ತಿಂಗಳು ತಿಂಗಳು ಹಣ ಕೊಡುವ ಆನ್ಯುಟಿ ಇದೆ. ಮಕ್ಕಳಿಗೆ ಬಿಟ್ಟುಹೋಗುವ ಆಸೆಯಿಲ್ಲದವನು ತನ್ನ ಹಣವನ್ನೆಲ್ಲ ಅದರಲ್ಲೇ ಹಾಕಬೇಕು ಎಂದು ಮೆನಾಹೆಮ್ ಯಾರಿ 1965ರಲ್ಲೇ ಗಣಿತದಿಂದ ತೋರಿಸಿದರು. ಸ್ವಇಚ್ಛೆಯಿಂದ ಹಾಕುವವರು ಬೆರಳೆಣಿಕೆಯಷ್ಟು. ದೀರ್ಘಕಾಲದ ಆರೈಕೆಯ ವಿಮೆಯನ್ನೂ ಹೆಚ್ಚಿನವರು ಕೊಳ್ಳುವುದಿಲ್ಲ.

ಲೀ ಲಾಕ್‌ವುಡ್ ಅವರ 2018ರ ಪ್ರಬಂಧದಲ್ಲಿ ಇದಕ್ಕೆ ಒಳ್ಳೆಯ ಉತ್ತರವಿದೆ. ಉಳಿದ ಹಣ ಮಕ್ಕಳಿಗೆ ಸೇರುತ್ತದೆ ಎಂಬ ಸಮಾಧಾನವಿದ್ದವರಿಗೆ ಗಂಟು ಖರ್ಚಾಗದೆ ಉಳಿದರೂ ನಷ್ಟವೆನಿಸುವುದಿಲ್ಲ. ಆದ್ದರಿಂದ ಅವರು ವಿಮೆಗೆ ಕಂತು ಕಟ್ಟುವ ಬದಲು ತಮ್ಮ ಹಣವನ್ನೇ ವಿಮೆಯಂತೆ ಇಟ್ಟುಕೊಳ್ಳುತ್ತಾರೆ. ನಿಮ್ಮ ಮಾವನವರ ಮನಸ್ಸಿನಲ್ಲಿ ಮೊಮ್ಮಕ್ಕಳಿದ್ದಾರೆ ಎಂದು ನನಗನ್ನಿಸುತ್ತದೆ.

ಉತ್ತರ | ಸಮೀಕ್ಷೆಯ ಹುಡುಕಾಟ

ಲಾಕ್‌ವುಡ್ ಅವರ ವಾದ ಗಟ್ಟಿಯಾಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ತೊಡಕಿರುವುದು ಇಲ್ಲಿ: ಒಂದೇ ಗಂಟು ಎರಡೂ ಕೆಲಸ ಮಾಡುವುದರಿಂದ ಬ್ಯಾಂಕಿನ ಲೆಕ್ಕವನ್ನು ಎಷ್ಟು ನೋಡಿದರೂ ಅದರ ಹಿಂದಿನ ಉದ್ದೇಶ ತಿಳಿಯುವುದಿಲ್ಲ. ಜಾನ್ ಅಮೆರಿಕ್ಸ್ ಮತ್ತು ಸಂಗಡಿಗರು 2011ರಲ್ಲಿ ಬೇರೆ ದಾರಿ ಹಿಡಿದರು. ನಿಮಗೊಂದು ಬಹುಮಾನ ಬಂದಿದೆ, ಅದನ್ನು ಎರಡು ಪೆಟ್ಟಿಗೆಗಳಲ್ಲಿ ಹಂಚಬೇಕು, ಒಂದು ನಿಮ್ಮ ಆರೈಕೆಗೆ ಮಾತ್ರ, ಇನ್ನೊಂದು ವಾರಸುದಾರರಿಗೆ ಮಾತ್ರ ಎಂದು ಕಲ್ಪಿಸಿಕೊಳ್ಳಲು ಹೇಳಿ, ಹೇಗೆ ಹಂಚುತ್ತೀರಿ ಎಂದು ಕೇಳಿದರು. ಸರ್ಕಾರದ ಖರ್ಚಿನ ಶುಶ್ರೂಷಾಲಯಕ್ಕೆ ಸೇರಬೇಕಾದೀತು ಎಂಬ ಅಳುಕು ಮಧ್ಯಮವರ್ಗದಲ್ಲಿ ವ್ಯಾಪಕವಾಗಿದೆ ಎಂಬುದು ಅದರಿಂದ ಹೊರಬಂತು. ಮಕ್ಕಳಿಗೆ ಬಿಡುವ ಆಸೆಯೂ ಇತ್ತು.

ಉತ್ತರ | ನಿವೃತ್ತ ದಾದಿ

ಉಳಿತಾಯದ ಚರ್ಚೆ ನಡೆಯಲಿ, ಕಿವಿಯ ವಿಷಯ ಕಾಯುವಂಥದ್ದಲ್ಲ. 2023ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಬಂತು. 70ರಿಂದ 84 ವಯಸ್ಸಿನ, ಶ್ರವಣ ಸಾಧನ ಬಳಸದಿದ್ದ 977 ಜನರಲ್ಲಿ ಕೆಲವರಿಗೆ ಸಾಧನ ಮತ್ತು ತರಬೇತಿ ಕೊಟ್ಟು ಮೂರು ವರ್ಷ ಗಮನಿಸಿದರು. ಎಲ್ಲರನ್ನೂ ಒಟ್ಟಿಗೆ ನೋಡಿದಾಗ ನೆನಪು, ಯೋಚನಾಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಹೆಚ್ಚು ಅಪಾಯದಲ್ಲಿದ್ದ ಗುಂಪಿನಲ್ಲಿ ಮಾತ್ರ ಕುಸಿತ 48% ಕಡಿಮೆಯಿತ್ತು. ಎಲ್ಲರಿಗೂ ಮರೆವು ತಪ್ಪುತ್ತದೆ ಎಂದು ಇದರಿಂದ ಹೇಳಲಾಗದು. ಆದರೆ ಮೊಮ್ಮಕ್ಕಳ ಮಾತು ಕೇಳಿಸುವುದೇ ಸಾಕಷ್ಟು ದೊಡ್ಡ ಕಾರಣ.

ಇನ್ನೊಂದನ್ನು ಹೇಳಬೇಕು. ಹಣ ಉಳಿಸಲೆಂದು ರಕ್ತದೊತ್ತಡದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದ ಹಿರಿಯರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಯಾರೂ ಅದನ್ನು ತಾವಾಗಿ ಹೇಳುವುದಿಲ್ಲ, ಮಾತ್ರೆಯ ಪಟ್ಟಿ ಎಣಿಸಿದರೆ ತಿಳಿಯುತ್ತದೆ. ಒಮ್ಮೆ ಮೆಲ್ಲಗೆ ಎಣಿಸಿ ನೋಡಿ.

ಉತ್ತರ | ಸಮೀಕ್ಷೆಯ ಹುಡುಕಾಟ

ದಾದಿಯವರು ಹೇಳಿದ್ದಕ್ಕೆ ದತ್ತಾಂಶದ ಬೆಂಬಲವೂ ಇದೆ. ಕ್ಯಾಲಿಫೋರ್ನಿಯಾದ ನಿವೃತ್ತ ಸರ್ಕಾರಿ ನೌಕರರ ವಿಮೆಯಲ್ಲಿ ವೈದ್ಯರ ಭೇಟಿಗೂ ಔಷಧಿಗೂ ರೋಗಿ ತೆರಬೇಕಾದ ಪಾಲನ್ನು ಹೆಚ್ಚಿಸಿದಾಗ ಏನಾಯಿತು ಎಂದು ಅಮಿತಾಭ್ ಚಂದ್ರ, ಜೋನಾಥನ್ ಗ್ರೂಬರ್, ರಾಬಿನ್ ಮೆಕ್‌ನೈಟ್ 2010ರಲ್ಲಿ ಬರೆದರು. ಭೇಟಿಗಳೂ ಔಷಧಿಗಳೂ ಇಳಿದವು, ಆಸ್ಪತ್ರೆಗೆ ದಾಖಲಾಗುವುದು ಏರಿತು. ದೀರ್ಘಕಾಲದ ಕಾಯಿಲೆ ಇದ್ದವರಲ್ಲಿ ಅದು ಹೆಚ್ಚು. ರೋಗಿಯೂ ಪಾಲು ತೆರಬೇಕು ಎಂಬ ವಾದಕ್ಕೆ ಎಲ್ಲರೂ 1970ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆ ಆರಂಭಿಸಿದ ಆರೋಗ್ಯ ವಿಮೆಯ ಪ್ರಯೋಗವನ್ನು ಆಧಾರವಾಗಿ ತೋರಿಸುತ್ತಾರೆ. ಆ ಪ್ರಯೋಗಕ್ಕೆ 62 ದಾಟಿದವರನ್ನು ಸೇರಿಸಿಕೊಂಡೇ ಇರಲಿಲ್ಲ.

ಪ್ರತಿಕ್ರಿಯೆ | ಹಿರಿಸೊಸೆ

ಎಲ್ಲರಿಗೂ ಕೃತಜ್ಞತೆಗಳು. ಮಾವನವರ ಬಳಿ ಕುಳಿತು ಮಾತನಾಡಿದೆ. ಮೊಮ್ಮಕ್ಕಳ ಮಾತು ಬರಲಿಲ್ಲ. ಅತ್ತೆಯವರು ಕೊನೆಯಲ್ಲಿ ಹಾಸಿಗೆ ಹಿಡಿದಿದ್ದಾಗಿನ ಖರ್ಚನ್ನೆಲ್ಲ ಬರೆದಿಟ್ಟ ಪುಸ್ತಕವನ್ನು ತಂದು ತೋರಿಸಿದರು. ‘ನನಗೂ ಹೀಗಾದರೆ ನಿಮ್ಮ ಮುಂದೆ ಕೈ ಚಾಚಬಾರದು’ ಎಂದರು. ಇದುವರೆಗೆ ನಮಗಾರಿಗೂ ಆ ಪುಸ್ತಕ ಇರುವುದೇ ಗೊತ್ತಿರಲಿಲ್ಲ.

ಈಗ ಎರಡು ಪ್ರಶ್ನೆಗಳಿವೆ. ಅವರೊಂದಿಗೆ ಲೆಕ್ಕದ ಮಾತನ್ನು ಹೇಗೆ ಎತ್ತಬೇಕು? ಇಂಥ ಗಂಟೇ ಇಲ್ಲದ ಹಿರಿಯರು ಏನು ಮಾಡುತ್ತಾರೆ?

ಉತ್ತರ | ಸಮೀಕ್ಷೆಯ ಹುಡುಕಾಟ

ಆ ಪುಸ್ತಕವನ್ನು ಅವರೊಂದಿಗೇ ಕುಳಿತು ಓದಿ. ಆರೈಕೆಯ ಖರ್ಚಿಗೆ ಅವರ ಬಳಿ ಇರುವ ಅತ್ಯುತ್ತಮ ಅಂದಾಜು ಅದೇ. ಅಷ್ಟು ಮೊತ್ತವನ್ನು, ಬೆಲೆಯೇರಿಕೆಯನ್ನೂ ಸೇರಿಸಿ, ಬೇರೆಯಾಗಿಟ್ಟು ‘ಇದನ್ನು ಯಾರೂ ಮುಟ್ಟುವುದಿಲ್ಲ’ ಎಂದು ಬರೆದಿಡಿ. ಉಳಿದುದರ ಬಗ್ಗೆ ಮಾತು ಆಮೇಲೆ ಸುಲಭವಾಗುತ್ತದೆ. ಮಾತಿನ ರೀತಿಯೂ ಮುಖ್ಯ. ಜೆಫ್ರಿ ಬ್ರೌನ್ ಮತ್ತು ಸಂಗಡಿಗರು 2008ರಲ್ಲಿ ಒಂದೇ ಆನ್ಯುಟಿಯನ್ನು ಎರಡು ಬಗೆಯಲ್ಲಿ ವಿವರಿಸಿ ನೋಡಿದರು. ತಿಂಗಳಿಗೆ ಎಷ್ಟು ಖರ್ಚು ಮಾಡಬಹುದು ಎಂದು ಹೇಳಿದಾಗ 72% ಜನ ಉಳಿತಾಯ ಖಾತೆಗಿಂತ ಅದೇ ಮೇಲೆಂದರು. ಹೂಡಿಕೆ, ಗಳಿಕೆ ಎಂಬ ಮಾತಿನಲ್ಲಿ ಹೇಳಿದಾಗ ಹಾಗೆಂದವರು 21% ಮಾತ್ರ. ಆದ್ದರಿಂದ ‘ಗಂಟು ಎಷ್ಟು ಕರಗುತ್ತದೆ’ ಎಂಬಲ್ಲಿಂದ ಆರಂಭಿಸಬೇಡಿ, ತಿಂಗಳಿಗೆ ಏನೇನು ಮಾಡಬಹುದು ಎಂಬಲ್ಲಿಂದ ಆರಂಭಿಸಿ.

ಎರಡನೆಯ ಪ್ರಶ್ನೆ ನನ್ನನ್ನು ಹೆಚ್ಚು ಕಾಡುವಂಥದ್ದು. ಜೇಮ್ಸ್ ಪೋಟರ್ಬಾ, ಸ್ಟೀವನ್ ವೆಂಟಿ ಮತ್ತು ಡೇವಿಡ್ ವೈಸ್ ಅದೇ ಮಿಷಿಗನ್ ಸಮೀಕ್ಷೆಯಲ್ಲಿ ತೀರಿಕೊಂಡವರ ಕೊನೆಯ ಲೆಕ್ಕವನ್ನು ನೋಡಿದರು. 46% ಜನರ ಬಳಿ ಉಳಿದಿದ್ದ ಹಣಕಾಸಿನ ಆಸ್ತಿ 10,000 ಡಾಲರಿಗಿಂತ ಕಡಿಮೆ. ಅವರಲ್ಲಿ ಅನೇಕರಿಗೆ ಮನೆಯೂ ಇರಲಿಲ್ಲ, ಸಾಮಾಜಿಕ ಭದ್ರತೆಯ ಪಿಂಚಣಿಯೇ ಆಧಾರ. ಹಿರಿಯರು ಖರ್ಚು ಮಾಡುವುದಿಲ್ಲ ಎಂಬ ನಮ್ಮ ಈ ಇಡೀ ಚರ್ಚೆ ಅವರಿಗೆ ಅನ್ವಯಿಸುವುದೇ ಇಲ್ಲ. ಇನ್ನಷ್ಟು ಉಳಿಸಿ ಎಂಬ ಉಪದೇಶವೂ ಅವರನ್ನು ಮುಟ್ಟುವುದಿಲ್ಲ. ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ದೀರ್ಘಕಾಲದ ಆರೈಕೆಗೆ ಕಡ್ಡಾಯ ವಿಮೆ ತಂದವು. ಜಪಾನಿನಲ್ಲಿ 40 ತುಂಬಿದವರೆಲ್ಲ ಕಂತು ಕಟ್ಟುತ್ತಾರೆ. ಆರೈಕೆ ಬೇಕಾದಾಗ ಹೆಚ್ಚಿನವರು ತೆರುವುದು ವೆಚ್ಚದ 10%, ಆದಾಯ ಹೆಚ್ಚಿದ್ದವರು 20 ಅಥವಾ 30%. ಅಲ್ಲಿಯೂ ವೆಚ್ಚ ಏರುತ್ತಿದೆ, ಕಂತೂ ಏರುತ್ತಿದೆ. ಆದರೂ ಖರ್ಚಿನ ಪುಸ್ತಕ ಬರೆದಿಡುವಷ್ಟು ಹಣವೂ ಇಲ್ಲದವರಿಗೆ ಆರೈಕೆ ಸಿಗುವ ದಾರಿ ಅದೇ ಎಂದು ನಾನು ನಂಬಿದ್ದೇನೆ.