ಕೋಆಲಾ ಎಷ್ಟು ಸೆಖೆ, ಎಷ್ಟು ಚಳಿ ತಾಳಬಲ್ಲದು?

ಪ್ರಶ್ನೆ: ಆಸ್ಟ್ರೇಲಿಯಾದ ಉತ್ತರ ಭಾಗದ ಕ್ವೀನ್ಸ್‌ಲ್ಯಾಂಡ್‌ನ ಸೆಖೆಯಲ್ಲಿಯೂ ದಕ್ಷಿಣದ ವಿಕ್ಟೋರಿಯಾದ ಚಳಿಗಾಲದಲ್ಲಿಯೂ ಕೋಆಲಾಗಳು ಬದುಕುತ್ತವೆ. ಬಿಲವನ್ನಾಗಲಿ ಗೂಡನ್ನಾಗಲಿ ಮಾಡಿಕೊಳ್ಳದ ಈ ಪ್ರಾಣಿ ಇಷ್ಟು ಭಿನ್ನವಾದ ತಾಪಮಾನಗಳನ್ನು ಹೇಗೆ ನಿಭಾಯಿಸುತ್ತದೆ?

ಉತ್ತರ 1: ಚಳಿಗೆ ತುಪ್ಪಳವೇ ರಕ್ಷೆ. ವಿಕ್ಟೋರಿಯಾದ ಕೋಆಲಾಗಳು ಉತ್ತರದವುಗಳಿಗಿಂತ ಸಾಕಷ್ಟು ದೊಡ್ಡವು. ಅವುಗಳ ತುಪ್ಪಳವೂ ಹೆಚ್ಚು ದಟ್ಟವಾಗಿರುತ್ತದೆ.

ಉತ್ತರ 2: ಸೆಖೆಯ ಉಪಾಯ ಇನ್ನೂ ಸ್ವಾರಸ್ಯಕರವಾದುದು. ಬಿಸಿಲೇರಿದಾಗ ಅವು ಕಾಂಡವನ್ನು ತಬ್ಬಿಕೊಂಡು ಮಲಗುವುದು ಬರಿಯ ಸೋಮಾರಿತನದಿಂದಲ್ಲ (ಸೋಮಾರಿತನಕ್ಕೂ ಕೊರತೆಯಿಲ್ಲ, ಅದು ಬೇರೆ ಮಾತು). 2014ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದಂತೆ, ಕಾಂಡದ ಮೇಲ್ಮೈ ಗಾಳಿಗಿಂತ ಕೆಲವು ಡಿಗ್ರಿ ತಂಪಾಗಿರುವುದರಿಂದ ಮೈಯ ಶಾಖವು ಮರಕ್ಕೆ ಇಳಿಯುತ್ತದೆ, ಏದುಸಿರಿನಲ್ಲಿ ಕಳೆದುಹೋಗುವ ನೀರೂ ಉಳಿಯುತ್ತದೆ. ಅದಕ್ಕಾಗಿಯೇ ಅವು ತಮಗೆ ಆಹಾರವಲ್ಲದ ಅಕೇಶಿಯಾ ಮರವನ್ನೂ ಹತ್ತುತ್ತವೆ.

ಉತ್ತರ 3: ಆದರೆ ಬೇಕಾದ ನೀರಿನ ಬಹುಪಾಲನ್ನು ನೀಲಗಿರಿ ಎಲೆಗಳಿಂದಲೇ ಪಡೆಯುವ ಈ ಪ್ರಾಣಿಗೆ, ಬರಗಾಲದಲ್ಲಿ ಎಲೆ ಒಣಗಿದರೆ ಆ ಉಪಾಯವೂ ಸಾಲದು, 2009ರ ಶಾಖದ ಅಲೆಯಲ್ಲಿ ನ್ಯೂ ಸೌತ್ ವೇಲ್ಸ್‌ನ ಗನ್ನೆಡಾ ಸುತ್ತಮುತ್ತ ಅನೇಕ ಕೋಆಲಾಗಳು ಸತ್ತವು.