ಚಿಕ್ಕಪ್ಪ ಹಾಕಿದ ಒಂದು ಫಾರ್ವರ್ಡು

ಭಾನುವಾರ ಬೆಳಿಗ್ಗೆ ನಮ್ಮ 'ಮನೆ ಮಂದಿ' ಗುಂಪಿಗೆ ಪ್ರಭಾಕರ ಚಿಕ್ಕಪ್ಪ ಒಂದು ಚಿತ್ರ ಹಾಕಿದರು. ಗೋಡೆ ತುಂಬ ಪರದೆಗಳಿರುವ ಕಂಟ್ರೋಲ್ ರೂಮು. ಕೆಳಗೆ ದಪ್ಪಕ್ಷರದಲ್ಲಿ 'ಮನೆಯಿಂದ ಕೆಲಸ ಮಾಡುವ ಯುವಜನರೇ ಸ್ಮಾರ್ಟ್ ಸಿಟಿಯ ಬೆನ್ನೆಲುಬು'. ಅನೇಕ ಬಾರಿ ಫಾರ್ವರ್ಡ್ ಆಗಿದ್ದು. ಇಂಥವಕ್ಕೆ ನಾಲ್ಕು ಜನ ಕೈ ಮುಗಿದರೆ ಮುಗಿಯುತ್ತದೆ. ಅವತ್ತು ಮುಗಿಯಲಿಲ್ಲ. ತಪ್ಪು ನನ್ನದೇ. ಆ ಮಾತುಕತೆಯನ್ನು ಹೆಸರು ಬದಲಿಸಿ ಇಲ್ಲಿ ಹಾಕಿದ್ದೇನೆ.

ಪ್ರಭಾಕರ ಚಿಕ್ಕಪ್ಪ: ಶ್ವೇತಾ, ಇದು ನಿನ್ನ ಬಗ್ಗೆಯೇ ಬರೆದಂತಿದೆ. ಶಿವಮೊಗ್ಗ ಸ್ಮಾರ್ಟ್ ಆಗಿದ್ದಕ್ಕೇ ಅಲ್ವಾ ನೀನು ಬೆಂಗಳೂರು ಬಿಟ್ಟು ಇಲ್ಲಿ ಕೂತು ಕೆಲಸ ಮಾಡುತ್ತಿರುವುದು?

ನಾನು: ಚಿಕ್ಕಪ್ಪ, ನಾನು ಬಂದಿದ್ದು 2020ರಲ್ಲಿ, ಜನತಾ ಕರ್ಫ್ಯೂ ಹಿಂದಿನ ದಿನ, ಒಂದು ಬ್ಯಾಗ್ ಹಿಡಿದುಕೊಂಡು. ಆಗ ನಮ್ಮ ಬೀದಿ ಪೂರ್ತಿ ಅಗೆದು ಹಾಕಿದ್ದರು. ಸ್ಮಾರ್ಟ್ ಸಿಟಿ ನೋಡಿ ಬಂದವಳಲ್ಲ, ಕೊರೋನಾಗೆ ಹೆದರಿ ಬಂದವಳು.

ಪ್ರಭಾಕರ ಚಿಕ್ಕಪ್ಪ: ಅಗೆಯದೆ ಪೈಪು ಹಾಕುವುದು ಹೇಗಮ್ಮ? 2015ರ ಜೂನ್ 25ಕ್ಕೆ ಕೇಂದ್ರದ ಸ್ಮಾರ್ಟ್ ಸಿಟಿ ಮಿಷನ್ ಶುರುವಾಯಿತು. ದೇಶದಲ್ಲಿ 100 ಊರು, ಕರ್ನಾಟಕದಲ್ಲಿ ಏಳು. ನಮ್ಮದು 2016ರಲ್ಲಿ ಮಂಗಳೂರು, ತುಮಕೂರು, ಹುಬ್ಬಳ್ಳಿ-ಧಾರವಾಡದ ಜೊತೆ ಬಂತು. ಊರಿಗೆ ಕೇಂದ್ರದ್ದು 500 ಕೋಟಿ, ಅಷ್ಟೇ ದುಡ್ಡು ರಾಜ್ಯ, ಪಾಲಿಕೆ ಕಡೆಯಿಂದಲೂ ಹಾಕಬೇಕು. ಸುಮ್ನೆ ಆಗುವ ಕೆಲಸವಾ?

ಸರೋಜತ್ತೆ: ಪ್ರಭಾಕರ, ಅಷ್ಟು ಕೋಟಿಯಲ್ಲಿ ಫುಟ್‌ಪಾತ್ ಆಯಿತು, ಒಪ್ಪಿದೆ. ದುರ್ಗಿಗುಡಿಯಲ್ಲಿ ಅದರ ಮೇಲೆ ಬೈಕ್ ನಿಂತಿರುತ್ತವೆ. ನಾನು ತರಕಾರಿ ಚೀಲ ಹಿಡಿದು ರಸ್ತೆಗಿಳಿದೇ ನಡೆಯುವುದು.

ಚಿಕ್ಕಪ್ಪ ಲೋಕೋಪಯೋಗಿಯಲ್ಲಿ ಇಂಜಿನಿಯರ್ ಆಗಿದ್ದವರು. ರಸ್ತೆ ಬಗ್ಗೆ ಯಾರೇನು ಅಂದರೂ ಸ್ವಂತ ಮಗನನ್ನು ಬೈದಷ್ಟು ನೋವು. ಅತ್ತೆಗೆ ಒಬ್ಬರಿಗೆ ಮಾತ್ರ ವಿನಾಯಿತಿ, ಅಕ್ಕ ಅಲ್ವಾ.

ನಾನು: ರಸ್ತೆ ಚೆನ್ನಾಗಿದೆ ಚಿಕ್ಕಪ್ಪ. ಆದರೆ ನಾನು ಇಲ್ಲಿ ಉಳಿದಿದ್ದು ರಸ್ತೆಯಿಂದಲ್ಲ. ನನ್ನ ಮೇಜಿನ ಕೆಳಗೆ ನೀವೇ ಬಗ್ಗಿ ನೋಡಿದ್ದೀರಿ. ಒಂದು ಫೈಬರ್ ಲೈನು. ಅದು ಸತ್ತರೆ ಅಂತ ಒಂದು ಸಿಮ್ ಹಾಕಿದ ಡಾಂಗಲ್. ಮನೆಗೆಲ್ಲ ಇನ್ವರ್ಟರ್. ಅದು ಸಾಲದು ಅಂತ ರೂಟರ್‌ಗೇ ಒಂದು ಪುಟ್ಟ ಯುಪಿಎಸ್. ಯಾಕೆಂದರೆ ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವ ಅರೆಕ್ಷಣದಲ್ಲಿ ರೂಟರ್ ಆಫ್ ಆಗಿ ಮತ್ತೆ ಏಳುತ್ತದೆ. ಅದು ಎದ್ದು ದೀಪ ಹಸಿರಾಗಲು ಎರಡು ನಿಮಿಷ. ಅಷ್ಟರಲ್ಲಿ ಮೀಟಿಂಗ್‌ನಲ್ಲಿ ನನ್ನ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟಿರುತ್ತಾರೆ. ಪುನರ್ವಸು ಮಳೆ ಹಿಡಿದಾಗ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೆ ಅಂತ ನಿಮಗೆ ಬೇರೆ ಹೇಳಬೇಕಾ? ಇದೆಲ್ಲ ನನ್ನ ಸಂಬಳದಲ್ಲಿ ಕಟ್ಟಿಕೊಂಡ ಸ್ಮಾರ್ಟ್ ಸಿಟಿ. ಉದ್ದ ಆರಡಿ, ಅಗಲ ಮೂರಡಿ.

ಸರೋಜತ್ತೆ: ಜೆಸಿಬಿ ಕೇಬಲ್ ಕಿತ್ತ ವರ್ಷ ಮೂರು ದಿನ ನಮ್ಮ ಮನೆಗೆ ಬಂದಿದ್ದಳು. ನಾನು ಚಟ್ನಿಗೆ ಮಿಕ್ಸಿ ಹಾಕಿದರೆ ಪೊಲೀಸಿನವರ ಹಾಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಮೂರು ದಿನ ಚಟ್ನಿಪುಡಿಯೇ ಗತಿ.

ಪ್ರಭಾಕರ ಚಿಕ್ಕಪ್ಪ: ಅದಕ್ಕೇ ಡಕ್ಟ್ ಹಾಕಿದ್ದು! ಕೇಬಲ್ಲೆಲ್ಲ ಒಂದು ಕೊಳವೆಯಲ್ಲಿ ಹೋದರೆ ಮತ್ತೆ ಅಗೆಯಬೇಕಾಗಿಲ್ಲ. ನಿಮಗೆ ಅಗೆದಿದ್ದು ಕಾಣಿಸುತ್ತದೆ, ಒಳಗೆ ಹೂತಿದ್ದು ಕಾಣಿಸುವುದಿಲ್ಲ.

ಈ ಮಾತು ಸರಿಯಾಗಿತ್ತು. ನಾನು ಹೆಬ್ಬೆಟ್ಟು ಒತ್ತಿದೆ.

ಕಿರಣಣ್ಣ: ಚಿಕ್ಕಪ್ಪ, ಬೆಂಗಳೂರೂ 2017ರಲ್ಲಿ ಆ ಪಟ್ಟಿಗೆ ಸೇರಿತು. ಕಮರ್ಷಿಯಲ್ ಸ್ಟ್ರೀಟ್‌ಗೆ ಕಲ್ಲು ಹಾಸಿದರು. ನಾನು ಮಾರತಹಳ್ಳಿಯಿಂದ ಬೆಳ್ಳಂದೂರಿಗೆ ಹೋಗಲು ಈಗಲೂ ಒಂದೊಂದು ದಿನ ಮುಕ್ಕಾಲು ಗಂಟೆ. ಆ ಹೊರ ವರ್ತುಲ ರಸ್ತೆ ಖಾಲಿ ಆಗಿದ್ದನ್ನು ನಾನು ನೋಡಿದ್ದು 2020ರಲ್ಲಿ ಮಾತ್ರ. ಸಿಗ್ನಲ್ ಕ್ಯಾಮೆರಾದಿಂದ ಆಗದ್ದು ಮನೆಯಲ್ಲಿ ಕೂತವರಿಂದ ಆಯಿತು.

ಪ್ರಭಾಕರ ಚಿಕ್ಕಪ್ಪ: ಅದು ರೋಗದಿಂದ ಖಾಲಿ ಆಗಿದ್ದಪ್ಪ, ನಿಮ್ಮ ಲ್ಯಾಪ್‌ಟಾಪ್‌ನಿಂದಲ್ಲ. ಮತ್ತೆ ಆಗ ಎಷ್ಟೋ ಊರಲ್ಲಿ ಕೊರೋನಾ ವಾರ್ ರೂಮ್ ನಡೆದಿದ್ದು ಇದೇ ಸ್ಮಾರ್ಟ್ ಸಿಟಿ ಕಂಟ್ರೋಲ್ ರೂಮುಗಳಲ್ಲಿ. ನೆನಪಿರಲಿ.

ನಾನು: ನೆನಪಿದೆ. ಆದರೆ ನನ್ನಂಥವರಿಗೆ ದಾರಿ ಮಾಡಿಕೊಟ್ಟಿದ್ದು ಪರದೆಯಲ್ಲ, ಒಂದು ಕಾಗದ. ಕಾಲ್ ಸೆಂಟರ್, ಬಿಪಿಒ ಕೆಲಸ ಮನೆಯಿಂದ ಮಾಡಬೇಕೆಂದರೆ ಮೊದಲು ದೂರಸಂಪರ್ಕ ಇಲಾಖೆಯ ನೂರೆಂಟು ಕಟ್ಟುಪಾಡು ಇತ್ತು. ಬ್ಯಾಂಕ್ ಗ್ಯಾರಂಟಿ ಬೇರೆ. 2020ರ ನವೆಂಬರ್‌ನಲ್ಲಿ ಅದನ್ನು ಸಡಿಲ ಮಾಡಿದರು. ನಮ್ಮಂಥ ಊರಿಗೆ ಆ ಆದೇಶ ಮಾಡಿದ ಉಪಕಾರ ಎಷ್ಟೋ ಎಲ್‌ಇಡಿ ಕಂಬಗಳಿಗಿಂತ ಜಾಸ್ತಿ.

ಕಿರಣಣ್ಣ: ಕಾಗದ ಕೊಟ್ಟಿದ್ದನ್ನು ಕಾಗದವೇ ಕಿತ್ತುಕೊಳ್ಳುತ್ತದೆ ಶ್ವೇತಾ. ಎಸ್‌ಇಜೆಡ್ (ವಿಶೇಷ ಆರ್ಥಿಕ ವಲಯ) ಕಟ್ಟಡಗಳಲ್ಲಿ 2022ರ ಜುಲೈನಲ್ಲಿ ಅರ್ಧ ಜನಕ್ಕೆ ಮಾತ್ರ ಮನೆಯಿಂದ ಕೆಲಸ ಅಂದರು, ಆಮೇಲೆ ಸಡಿಲಿಸಿದರು. ಅದು ಬಿಡು, ಈಗ ನನಗೆ ವಾರಕ್ಕೆ ಮೂರು ದಿನ ಹಾಜರಿ. ಎಚ್‌ಆರ್ ಒಂದು ಮೇಲ್ ಹಾಕಿದ್ದಷ್ಟೆ.

ಇದಕ್ಕೆ ನಾನು ಕೂಡಲೇ ಉತ್ತರ ಕೊಡಲಿಲ್ಲ. ವಿನೋಬನಗರದಲ್ಲಿ ಸಂಜೆ ವಾಕಿಂಗ್‌ಗೆ ಹೊರಡುತ್ತಿದ್ದ ನಾವು, ಐಡಿ ಕಾರ್ಡ್ ಇದ್ದೂ ಕಚೇರಿ ಇಲ್ಲದವರು, ಒಂದು ಕಾಲಕ್ಕೆ ಏಳು ಜನ ಇದ್ದೆವು. ಈಗ ಮೂವರು. ಉಳಿದ ನಾಲ್ವರೂ ರಾತ್ರಿ ರೈಲು ಹತ್ತಿದ್ದು ಇಂಥ ಮೇಲ್ ನೋಡಿಯೇ.

ಸರೋಜತ್ತೆ: ನಾನೊಂದು ಕೇಳುತ್ತೇನೆ. ನೀವೆಲ್ಲ ಇಲ್ಲಿ ಬಂದು ಕೂತಿದ್ದರಿಂದ ಊರಿಗೇನು ಬಂತು?

ನಾನು: ಬಾಡಿಗೆ, ಹಾಲು, ದಿನಸಿ, ಜಿಮ್ಮು, ಸಂಜೆ ಮಿರ್ಚಿ. ನನ್ನ ಸಂಬಳ ಪೂರ್ತಿ ಇಲ್ಲೇ ಖರ್ಚಾಗುತ್ತದೆ ಅತ್ತೆ. ಆದರೆ ಪಾಲಿಕೆಯ ಲೆಕ್ಕದಲ್ಲಿ ನಾನಿಲ್ಲ. ನನ್ನ ಆಫೀಸಿನ ಕಟ್ಟಡದ ತೆರಿಗೆ ಬೆಂಗಳೂರಿಗೆ. ಸಂಬಳದಲ್ಲಿ ಮುರಿಯುವ 200 ರೂಪಾಯಿ ವೃತ್ತಿ ತೆರಿಗೆ ರಾಜ್ಯಕ್ಕೆ. ಈ ಊರಲ್ಲಿ ಇಂಥವರು ಎಷ್ಟು ಜನ ಇದ್ದೇವೆ ಅಂತ ಯಾರೂ ಬಂದು ಕೇಳಿಲ್ಲ. ಬೆನ್ನೆಲುಬು ಅಂತೆ! ಲೆಕ್ಕಕ್ಕೇ ಸಿಗದ ಬೆನ್ನೆಲುಬು.

ಸರೋಜತ್ತೆ: ಬಾಡಿಗೆ ವಿಷಯ ನೀನೇ ತೆಗೆದೆ. ನಮ್ಮ ಮಹಡಿ ಮನೆಯಲ್ಲಿ ಒಬ್ಬರು ಸ್ಕೂಲ್ ಟೀಚರ್ ಇದ್ದರು, ಆರು ವರ್ಷ, 7 ಸಾವಿರಕ್ಕೆ. ಅವರಿಗೆ ಮಗಳ ಮದುವೆ ಅಂತ ನಾನು ಬಾಡಿಗೆ ಏರಿಸಿರಲಿಲ್ಲ. ಆಮೇಲೆ ಒಬ್ಬ ಸಾಫ್ಟ್‌ವೇರ್ ಹುಡುಗ ಬಂದು, ನಾನು ಬಾಯಿ ಬಿಡುವ ಮುಂಚೆ 12 ಅಂದ. ನಾನೂ ಮನುಷ್ಯಳೇ. ಟೀಚರ್ ಊರಾಚೆ ಹೋದರು. ಈಗ ದಿನಾ ಎರಡು ಬಸ್ ಹತ್ತುತ್ತಾರಂತೆ.

ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಹಾಕಲಿಲ್ಲ. 'ಟೈಪ್ ಮಾಡುತ್ತಿದ್ದಾರೆ' ಅಂತ ಚಿಕ್ಕಪ್ಪನ ಹೆಸರು ಬಂತು, ಹೋಯಿತು, ಮತ್ತೆ ಬಂತು.

ಪ್ರಭಾಕರ ಚಿಕ್ಕಪ್ಪ: ಹಾಗಾದರೆ ನಿನಗೆ ಬೇಕಾದ್ದೇನು? ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿದೂ ಹೋಯಿತು. ಈಗ ಬೈದು ಪ್ರಯೋಜನವಿಲ್ಲ.

ನಾನು: ಒಂದು ಕೋಣೆ. ಕೇರಳದವರು 'ವರ್ಕ್ ನಿಯರ್ ಹೋಮ್' ಅಂತ, ಮನೆ ಹತ್ತಿರವೇ ಕೂತು ಕೆಲಸ ಮಾಡುವ ಜಾಗ, ಕೊಟ್ಟಾರಕ್ಕರದಲ್ಲಿ ಮಾಡಲು ಹೊರಟರಲ್ಲ, ಹಾಗೆ. ಕುರ್ಚಿ, ಹೋಗದ ಕರೆಂಟು, ಎರಡು ಲೈನ್ ನೆಟ್, ಶೌಚಾಲಯ. ತಿಂಗಳಿಗೆ ಇಷ್ಟು ಅಂತ ಕೊಡೋಣ. ಕಂಟ್ರೋಲ್ ರೂಮಿನ ಪರದೆಗೆ ಕರೆಂಟು ಹೋಗದಂತೆ ನೋಡಿಕೊಳ್ಳುವುದು ಗೊತ್ತಿದ್ದರೆ, ಪಕ್ಕದಲ್ಲಿ ಐವತ್ತು ಜನಕ್ಕೆ ಕೂರಲು ಜಾಗ ಮಾಡುವುದೂ ಗೊತ್ತಿರಬೇಕು. ಅವತ್ತಾದರೂ ನಮ್ಮ ಲೆಕ್ಕ ಸಿಗುತ್ತದೆ.

ಕಿರಣಣ್ಣ: ಕೋಣೆ ಸಾಕಾಗಲ್ಲ. ಸರ್ಕಾರ 'ಬಿಯಾಂಡ್ ಬೆಂಗಳೂರು' ಅಂತ ಮೈಸೂರು, ಮಂಗಳೂರು, ಹುಬ್ಬಳ್ಳಿ ಕಡೆ ಕಂಪನಿ ಕರೆಯುತ್ತಿದೆ. ಕಂಪನಿಯೇ ಶಿವಮೊಗ್ಗಕ್ಕೆ ಬರಬೇಕು. 2023ರಿಂದ ವಿಮಾನ ನಿಲ್ದಾಣವೂ ಇದೆ. ಇನ್ನೊಂದು ಊರಿನ ಮ್ಯಾನೇಜರ್ ಮೂಡಿನ ಮೇಲೆ ಊರು ಕಟ್ಟಲು ಆಗುತ್ತದಾ?

ನಾನು: ಕಂಪನಿ ಬರಲು ಹತ್ತು ವರ್ಷ. ಅಷ್ಟು ದಿನ ಇಲ್ಲಿ ಇರುವವರು ಯಾರು ಅಣ್ಣ? ಜನ ಇದ್ದರೆ ತಾನೆ ಕಂಪನಿ ಬರುವುದು.

ಕಿರಣಣ್ಣ: ಕಂಪನಿ ಇದ್ದರೆ ತಾನೆ ಜನ ಇರುವುದು.

ಪ್ರಭಾಕರ ಚಿಕ್ಕಪ್ಪ: ಮೊದಲು ಚರಂಡಿ ಇರಬೇಕು, ಆಮೇಲೆ ಇಬ್ಬರೂ ಬನ್ನಿ.

ಇದರ ಮೇಲೆ ಇನ್ನೂ ಹತ್ತಿಪ್ಪತ್ತು ಮೆಸೇಜ್ ಬಂದವು. ಹೊಸದೇನೂ ಇರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅತ್ತೆ ಒಂದು ಫೋಟೋ ಹಾಕಿದರು. ಬಿಸಿಲು ಬಿದ್ದ ಬಾಲ್ಕನಿ, ಬಟ್ಟೆ ಒಣಗಿಸುವ ಹಗ್ಗ, ಬಾಗಿಲಿಗೆ ಬೀಗ.

ಸರೋಜತ್ತೆ: ಆ ಹುಡುಗನಿಗೂ ಮೇಲ್ ಬಂತು. ಮಹಡಿ ಎರಡು ತಿಂಗಳಿಂದ ಖಾಲಿ. ಎರಡು ರೂಮು, ಸೋಲಾರ್ ಇದೆ, ತುಂಗೆ ನೀರು ಬರುತ್ತದೆ. 9 ಸಾವಿರ. ಯಾರಾದರೂ ಇದ್ದರೆ ಹೇಳಿ. ಟೀಚರ್ ಆದರೆ 7ಕ್ಕೇ ಕೊಡುತ್ತೇನೆ.