ಅಪ್‌ಡೇಟ್: ಟರ್ಮಿನಲ್ ರೇಟ್ ಶೆಡ್ಯೂಲ್ ಫೈಲ್ ಮಾಡ್ಬೇಕಾ ಅಂತ ಕೇಳಿದ್ದೆ

ಅಮೆರಿಕದಲ್ಲಿ ಒಂದು ಸಣ್ಣ ಕಂಟೇನರ್ ಟರ್ಮಿನಲ್ ಆಫೀಸಲ್ಲಿ ಕೆಲ್ಸ ಮಾಡ್ತೀನಿ, ನಮ್ಮ ರೇಟ್ ಶೆಡ್ಯೂಲ್‌ನ (ಅಂದ್ರೆ ರೇಟು, ನಿಯಮಗಳ ಪಟ್ಟಿ) ಫೆಡರಲ್ ಮ್ಯಾರಿಟೈಮ್ ಕಮಿಷನ್‌ಗೆ (ಹಡಗು ಸಾಗಣೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಫೈಲ್ ಮಾಡ್ಬೇಕಾ ಅಂತ ಕೇಳಿದ್ನಲ್ಲ, ಉತ್ತರ ಸಿಕ್ತು. ಬೇಡ! ಕೆಲ್ಸ ಶುರು ಮಾಡೋಕ್ ಮುಂಚೆ ನಾವು ಯಾರು, ಶೆಡ್ಯೂಲ್ ಎಲ್ಲಿದೆ ಅಂತ ಅವ್ರಿಗೆ ತಿಳಿಸೋ ಫಾರ್ಮ್ ಎಫ್‌ಎಂಸಿ-1 ಕೊಟ್ಟಿರ್ಬೇಕು ಅಷ್ಟೇ, ಶೆಡ್ಯೂಲ್ ಪಬ್ಲಿಕ್ ಮಾಡೋದು ಬಿಡೋದು ನಮ್ಮಿಷ್ಟ. ಆದ್ರೆ ಒಂದ್ಸಲ ಪಬ್ಲಿಕ್ ಮಾಡಿದ್ರೆ ಅದು ಕೋರ್ಟಲ್ಲಿ ಒಪ್ಪಂದ ಇದ್ದ ಹಾಗೇನೇ, ಗಿರಾಕಿ ಅದನ್ನ ಓದೇ ಇಲ್ಲ ಅಂದ್ರೂ ನಡಿಯಲ್ಲ. ನಾವು ಮಾಡ್ಕೊಂಡಿದ್ದ ಎಡವಟ್ಟು ಬೇರೆನೇ ಇತ್ತು, ವೆಬ್‌ಸೈಟ್ ಬದ್ಲಾಯ್ಸಿದ್ವಿ ಆದ್ರೆ ಫಾರ್ಮಲ್ಲಿ ಹಳೇ ಅಡ್ರೆಸ್ಸೇ ಕೂತಿತ್ತು, ಇಂಥ ಬದಲಾವಣೆನ 30 ದಿನದೊಳಗೆ ತಿಳಿಸ್ಬೇಕಂತೆ, ಮೊನ್ನೆ ಸರಿ ಮಾಡ್ಸಿದೆ. ಹಳೇ ಶೆಡ್ಯೂಲ್‌ಗಳನ್ನೂ 5 ವರ್ಷ ಇಟ್ಕೋಬೇಕು, ನಮ್ಮ ಮ್ಯಾನೇಜರ್ ಸಾಹೇಬ್ರು ಜಾಗ ಇಲ್ಲ ಅಂತ ಡಿಲೀಟ್ ಮಾಡೋಕ್ ಹೊರಟಿದ್ರು, ಪುಣ್ಯಕ್ಕೆ ತಡೆದೆ.

ಡೆಮರೇಜ್ (ಕಂಟೇನರ್ ಟರ್ಮಿನಲ್‌ನಲ್ಲಿ ಹೆಚ್ಚು ದಿನ ಬಿದ್ದಿದ್ರೆ ಹಾಕೋ ಚಾರ್ಜು) ಬಿಲ್ ಬಗ್ಗೆ ಕೇಳಿದವ್ರಿಗೆ: 2024ರ ಮೇ 28ರಿಂದ, ಚಾರ್ಜು ಬಿದ್ದ ಕೊನೇ ದಿನದಿಂದ 30 ದಿನದೊಳಗೆ ಇನ್‌ವಾಯ್ಸ್ ಕಳ್ಸಿಲ್ಲ ಅಂದ್ರೆ ಗಿರಾಕಿ ಕಟ್ಬೇಕಾಗಿಲ್ಲ. ನಮ್ ಬಿಲ್ಲಿಂಗ್‌ನವ್ರು ಇದನ್ನ ಕೇಳಿ ಊಟಾನೇ ಬಿಟ್ಟು ಕೂತಿದಾರೆ.